ಬ್ಯಾಕ್ಟೀರಿಯಾಗಳ ಕೋರಂ

ಬ್ಯಾಕ್ಟೀರಿಯಾಗಳು ರಾಸಾಯನಿಕಗಳ ಮೂಲಕ ಮಾತನಾಡಿಕೊಳ್ಳುತ್ತವೆ ಎಂದು ಓದಿದ್ದೀರಿ. ಒಂದೇ ಕೋಶದ ಜೀವಿಗೆ ಅದು ಹೇಗೆ ಸಾಧ್ಯ, ಒಂದು ಜಾತಿಯ ಸಂಕೇತ ಇನ್ನೊಂದಕ್ಕೆ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಮುಂಬಯಿಯ ಪರೇಲಿನಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ದಿನವೂ ಕಣ್ಣೆದುರಿಗಿರುವ ವಿಷಯವಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

‘ಮಾತು’ ಎನ್ನುವುದಕ್ಕಿಂತ ‘ತಲೆ ಎಣಿಕೆ’ ಎನ್ನುವುದು ಇಲ್ಲಿ ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ. ಪ್ರತಿಯೊಂದು ಬ್ಯಾಕ್ಟೀರಿಯವೂ ಒಂದು ಸಣ್ಣ ಅಣುವನ್ನು ತಯಾರಿಸಿ ಸದಾ ಹೊರಗೆ ಬಿಡುತ್ತಿರುತ್ತದೆ. ಸುತ್ತ ತನ್ನವರು ಯಾರೂ ಇಲ್ಲದಿದ್ದರೆ ಆ ಅಣು ನೀರಿನಲ್ಲಿ ಚೆದುರಿಹೋಗುತ್ತದೆ. ಗುಂಪು ದಟ್ಟವಾದಂತೆ ಅದರ ಸಾಂದ್ರತೆ ಏರುತ್ತ ಹೋಗಿ, ಒಂದು ಮಟ್ಟ ಮುಟ್ಟಿದಾಗ, ಅದನ್ನು ಗುರುತಿಸುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಅಲ್ಲಿಯವರೆಗೆ ಸುಮ್ಮನಿದ್ದ ಜೀನುಗಳನ್ನು ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ಎಬ್ಬಿಸುತ್ತದೆ. ಇದಕ್ಕೆ 1994ರಲ್ಲಿ ಕೋರಂ ಸೆನ್ಸಿಂಗ್ ಎಂಬ ಹೆಸರು ಬಂತು. ಇಲ್ಲಿನ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಗೆ ಹೋಗಿಬಂದವರಿಗೆ ಕೋರಂ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ: ಹಾಜರಿ ಪುಸ್ತಕದಲ್ಲಿ ಸಾಕಷ್ಟು ಸಹಿ ಬೀಳುವ ತನಕ ಯಾವ ನಿರ್ಣಯವೂ ಅಂಗೀಕಾರವಾಗುವುದಿಲ್ಲ.

ಇದರ ಮೊದಲ ಸ್ಪಷ್ಟ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು ಬೆಳಕು ಸೂಸುವ ಕಡಲ ಬ್ಯಾಕ್ಟೀರಿಯಗಳಿಂದ. 1970ರಲ್ಲಿ ನೀಲ್ಸನ್, ಪ್ಲ್ಯಾಟ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು, ಹೊಸ ದ್ರವದಲ್ಲಿ ಬಿತ್ತಿದ ಬ್ಯಾಕ್ಟೀರಿಯ ಸಂಖ್ಯೆ ಹೆಚ್ಚುವವರೆಗೆ ಬೆಳಗುವುದಿಲ್ಲ, ಆದರೆ ಆಗಲೇ ಬ್ಯಾಕ್ಟೀರಿಯ ಬೆಳೆದು ಸೋಸಿ ತೆಗೆದ ದ್ರವದಲ್ಲಿ ಬಿತ್ತಿದರೆ ಬೇಗನೆ ಬೆಳಗುತ್ತದೆ ಎಂದು ತೋರಿಸಿದರು. ಅಂದರೆ ಸಂಕೇತ ಕೋಶದೊಳಗೆ ಅಲ್ಲ, ದ್ರವದಲ್ಲಿತ್ತು. ಇಂಥ ಬೆಳಗುವ ಬ್ಯಾಕ್ಟೀರಿಯಗಳಲ್ಲಿ ಒಂದಾದ ವಿಬ್ರಿಯೊ ಫಿಶೆರಿಯ ಸಂಕೇತದ ಅಣು ಯಾವುದೆಂದು 1981ರಲ್ಲಿ ಗೊತ್ತಾಯಿತು. (ಜುಹು ಕಿನಾರೆಯಲ್ಲಿ ಕೆಲವು ವರ್ಷ ರಾತ್ರಿ ಕಾಣುವ ನೀಲಿ ಹೊಳಪನ್ನು ಇದರೊಂದಿಗೆ ಬೆರೆಸಬೇಡಿ. ನಮ್ಮ ಕರಾವಳಿಯಲ್ಲಿ ಅದು ಸಾಮಾನ್ಯವಾಗಿ ನಾಕ್ಟಿಲ್ಯೂಕ ಎಂಬ ಬೇರೆಯದೇ ಜೀವಿ. ಅದು ಮಿನುಗುವುದು ಅಲೆಯ ಪೆಟ್ಟಿಗೆ, ಎಣಿಕೆಗೆ ಅಲ್ಲ.)

ನನ್ನ ಮೇಜಿನ ಮೇಲೆ ಇದು ಕಾಣುವುದು ಸೂಡೋಮೋನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯದಲ್ಲಿ. ಬೆಳಿಗ್ಗೆ ಅದನ್ನು ಪೋಷಕ ದ್ರವದ ಕೊಳವೆಗೆ ಹಾಕಿ 37 ಡಿಗ್ರಿಯಲ್ಲಿ ಇಟ್ಟರೆ, ಸಂಜೆ ಮನೆಗೆ ಹೊರಡುವ ಹೊತ್ತಿಗೆ ದ್ರವ ಮಸುಕಾಗಿರುತ್ತದೆ, ಬಣ್ಣ ಮಾತ್ರ ಬಂದಿರುವುದಿಲ್ಲ. ಮರುದಿನ ಬಂದು ನೋಡಿದರೆ ಗಾಳಿ ತಾಗುವ ಮೇಲ್ಭಾಗದಲ್ಲಿ ನೀಲಿ ಮಿಶ್ರಿತ ಹಸಿರು ಪಟ್ಟಿ ಇರುತ್ತದೆ. ಮುಚ್ಚಳ ತೆಗೆದರೆ ದ್ರಾಕ್ಷಿಯಂಥ ವಾಸನೆ ಬರುತ್ತದೆ. ಕೊಳವೆಯನ್ನು ಅಲ್ಲಾಡಿಸಿದರೆ ಆಮ್ಲಜನಕ ಬೆರೆತು ಹಸಿರು ಕೆಳಗಿನವರೆಗೂ ಇಳಿಯುತ್ತದೆ. ಆ ಬಣ್ಣ ಪಯೋಸಯನಿನ್ ಎಂಬ ವಿಷವಸ್ತುವಿನದು, ಕೋರಂ ತುಂಬಿದ ಮೇಲಷ್ಟೇ ತಯಾರಾಗುವಂಥದು. ಸಂಕೇತ ಅಣುಗಳನ್ನು ತಯಾರಿಸಲಾರದ ರೂಪಾಂತರಿತ ತಳಿಯನ್ನು ಎಷ್ಟು ದಟ್ಟವಾಗಿ ಬೆಳೆಸಿದರೂ ಹಸಿರು ಬರುವುದಿಲ್ಲ. ಆ ಅಣುಗಳನ್ನು ಹೊರಗಿನಿಂದ ಬೆರೆಸಿದರೆ ಬರುತ್ತದೆ.

ಕಾಯುವುದರಲ್ಲಿ ಲಾಭವಿದೆ. ಮಳೆಗಾಲದಲ್ಲಿ ಬುಟ್ಟಿಯ ಆಲೂಗಡ್ಡೆ ನೀರೊಡೆದು ಮೆತ್ತಗಾಗಿ ನಾರುವುದನ್ನು ನೀವೂ ಕಂಡಿರುತ್ತೀರಿ. ಇಂಥ ಕೊಳೆತಕ್ಕೆ ಕಾರಣವಾಗುವ ಪೆಕ್ಟೋಬ್ಯಾಕ್ಟೀರಿಯಂ, ಸಸ್ಯದ ಕೋಶಭಿತ್ತಿ ಕರಗಿಸುವ ಕಿಣ್ವಗಳನ್ನು ಗುಂಪು ಕೂಡುವವರೆಗೆ ತಡೆದಿಡುತ್ತದೆ. ನಾಲ್ಕಾರು ಕೋಶಗಳು ಆತುರಪಟ್ಟು ಕಿಣ್ವ ಬಿಟ್ಟರೆ ಸಸ್ಯ ಎಚ್ಚೆತ್ತು ರಕ್ಷಣೆಗೆ ನಿಲ್ಲುತ್ತದೆ. ಒಟ್ಟಿಗೆ ಬಿಟ್ಟರೆ ಅದಕ್ಕೆ ಸಮಯವೇ ಸಿಗುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನನಗೆ ಹೆಚ್ಚು ಇಷ್ಟವಾದ ಭಾಗವೂ ಇದೇ. ಮುಂಬಯಿಯ ಎಷ್ಟೋ ಮನೆಗಳಲ್ಲಿ ಒಳಗೆ ತುಳು, ಸಂಘದಲ್ಲಿ ಕನ್ನಡ, ಬಜಾರಿನಲ್ಲಿ ಹಿಂದಿ ನಡೆಯುತ್ತದಲ್ಲ, ವಿಬ್ರಿಯೊ ಹಾರ್ವೆಯಿ ಎಂಬ ಕಡಲ ಬ್ಯಾಕ್ಟೀರಿಯದ ವ್ಯವಸ್ಥೆಯೂ ಅಂಥದ್ದೇ. ಅದಕ್ಕೆ ಮೂರು ಸಂಕೇತಗಳಿವೆ: ಒಂದು ಬಹುಮಟ್ಟಿಗೆ ಸ್ವಂತ ಜಾತಿಯದು, ಇನ್ನೊಂದು ವಿಬ್ರಿಯೊ ಬಳಗದ್ದು, ಮೂರನೆಯದಾದ ಎಐ-2 ಸಂಬಂಧವೇ ಇಲ್ಲದ ನೂರಾರು ಜಾತಿಗಳು ತಯಾರಿಸುವಂಥದು. ಈ ಮೂರನೆಯದನ್ನು ಬಯಲಿಗೆ ತಂದವರು ಅಮೆರಿಕದ ವಿಜ್ಞಾನಿ ಬಾನಿ ಬ್ಯಾಸ್ಲರ್ ಮತ್ತು ಅವರ ಸಂಗಡಿಗರು. ವಿಬ್ರಿಯೊ ಗುರುತಿಸುವ ಅದರ ರೂಪದಲ್ಲಿ ಬೋರಾನ್ ಪರಮಾಣು ಇದೆಯೆಂದು 2002ರಲ್ಲಿ ತಿಳಿಯಿತು. ಆದರೆ ಎಐ-2 ಅನ್ನು ಎಲ್ಲ ಬ್ಯಾಕ್ಟೀರಿಯಗಳ ಸಾಮಾನ್ಯ ಭಾಷೆ ಎಂದುಬಿಡುವುದು ಅವಸರದ ತೀರ್ಮಾನ. ಕೋಶದ ದೈನಂದಿನ ರಾಸಾಯನಿಕ ಕ್ರಿಯೆಯಲ್ಲಿ ಹೊರಬೀಳುವ ಉಪವಸ್ತು ಅದು. ಹಲವು ಜಾತಿಗಳಲ್ಲಿ ಅದು ಸಂಕೇತವೋ ಬರಿಯ ಕಸವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಒಂದೇ ಅಣುವಿಗೆ ಎರಡು ಅರ್ಥವೂ ಇರಬಹುದು. ಹಾಲು ಹೆಪ್ಪಾಗಿಸುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳು ಬಿಡುವ ನಿಸಿನ್, ತನ್ನವರಿಗೆ ‘ಇನ್ನಷ್ಟು ನಿಸಿನ್ ತಯಾರಿಸಿ’ ಎಂಬ ಸೂಚನೆ. ಪಕ್ಕದ ಅನೇಕ ಜಾತಿಗಳಿಗೆ ಕೊಲ್ಲುವ ವಿಷ. ಕರುಳಿನಲ್ಲಿ ಬೆಳೆಯುವ ಸಾಲ್ಮೊನೆಲ್ಲಾ ಮತ್ತು ಇ. ಕೋಲಿ ಬ್ಯಾಕ್ಟೀರಿಯಗಳಂತೂ ಒಂದು ಬಗೆಯ ಸಂಕೇತವನ್ನು ತಾವು ತಯಾರಿಸದೆಯೇ ಅದರ ಗ್ರಾಹಕವನ್ನು ಮಾತ್ರ ಇಟ್ಟುಕೊಂಡು ಬೇರೆಯವರದನ್ನು ಆಲಿಸುತ್ತವೆ.

ಕಾಲರಾದ ಬ್ಯಾಕ್ಟೀರಿಯ ಇದೇ ಎಣಿಕೆಯನ್ನು ತಿರುವುಮುರುವಾಗಿ ಬಳಸುತ್ತದೆ. ಕಡಿಮೆ ಇದ್ದಾಗ ಕರುಳಿಗೆ ಅಂಟಿಕೊಂಡು ವಿಷ ಬಿಡುತ್ತದೆ. ಸಂಖ್ಯೆ ತುಂಬಿದಾಗ ವಿಷದ ತಯಾರಿಕೆ ನಿಲ್ಲಿಸಿ, ಕಳಚಿಕೊಂಡು ಹೊರಟುಬಿಡುತ್ತದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಿರುಪದ್ರವಿ ಇ. ಕೋಲಿ ತಳಿಯೊಂದಕ್ಕೆ ಕಾಲರಾದ ಸಂಕೇತವನ್ನು ತಯಾರಿಸುವ ಜೀನನ್ನು ಸೇರಿಸಿ, ಅದನ್ನು ಇಲಿಮರಿಗಳಿಗೆ ಮೊದಲೇ ಕುಡಿಸಿದರು; ಸಂಖ್ಯೆ ಆಗಲೇ ತುಂಬಿದೆಯೆಂದು ಕಾಲರಾದ ಬ್ಯಾಕ್ಟೀರಿಯ ತಪ್ಪಾಗಿ ಎಣಿಸಲಿ ಎಂಬುದು ಉಪಾಯ. ಆಮೇಲೆ ಕಾಲರಾ ಸೋಂಕು ತಗುಲಿಸಿದಾಗ, ಅದನ್ನು ಕುಡಿಯದವುಗಳಿಗಿಂತ ಈ ಮರಿಗಳು ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಬದುಕಿ ಉಳಿದವು.