ಕೇಂಬ್ರಿಡ್ಜ್‌ಗೆ ಬಂದ ಪತ್ರಗಳು

ಹೋದ ಸಂಚಿಕೆಯಲ್ಲಿ, ನಾನಿರುವ ಈ ಕೇಂಬ್ರಿಡ್ಜ್ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಸೀಟು, ಫೀಸು, ವೀಸಾ ಅಂತ ಪತ್ರ ಬರುತ್ತವೆ ಅಂದುಕೊಂಡಿದ್ದೆ. ಬಂದಿದ್ದು ಕಾರು, ಕರಡಿ, ಹಸು! ಒಳ್ಳೆಯದೇ ಆಯಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಊರಲ್ಲಿ ನಂಬುವ ಹಾಗಿರುವ ಕಥೆ ಎಷ್ಟೋ ಸಲ ಸುಳ್ಳಾಗಿರುತ್ತದೆ. ಛೇ, ಹೀಗೂ ಉಂಟಾ ಅನಿಸುತ್ತದಲ್ಲ, ಅದು ನಿಜವಾಗಿರುತ್ತದೆ.

ನ್ಯೂಟನ್ ಒಂದೂ ಮೊಳೆ ಇಲ್ಲದೆ ಅಲ್ಲೊಂದು ಮರದ ಸೇತುವೆ ಕಟ್ಟಿದ್ದನಂತೆ. ವಿದ್ಯಾರ್ಥಿಗಳು ಅದನ್ನು ಬಿಚ್ಚಿದರಂತೆ, ಮತ್ತೆ ಜೋಡಿಸಲು ಬರದೆ ಬೋಲ್ಟ್ ಹಾಕಿದರಂತೆ. ಹೌದಾ? – ವಿಜ್ಞಾನ ಮೇಷ್ಟ್ರು, ಶಿವಮೊಗ್ಗ

ಇಲ್ಲ ಮೇಷ್ಟ್ರೇ. ಇದನ್ನು ನಿಮಗೆ ಹೇಳಿದವರು ಇಲ್ಲಿ ಪಂಟ್ ಹತ್ತಿ ಹೋದವರೇ ಇರಬೇಕು. ಪಂಟ್ ಅಂದರೆ ಚಪ್ಪಟೆ ತಳದ ದೋಣಿ. ಉದ್ದದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳಿಕೊಂಡು ಹೋಗುವುದು. ಅದನ್ನು ನಡೆಸುವ ಹುಡುಗರಿಗೆ ಈ ಕಥೆ ಬಾಯಿಪಾಠ. ಕ್ವೀನ್ಸ್ ಕಾಲೇಜಿನ ಆ ಸೇತುವೆ ಕಟ್ಟಿದ್ದು 1749ರಲ್ಲಿ, ನ್ಯೂಟನ್ ತೀರಿಕೊಂಡಿದ್ದು 1727ರಲ್ಲಿ. ಲೆಕ್ಕ ನೀವೇ ಮಾಡಿ. ನಕ್ಷೆ ವಿಲಿಯಂ ಎಥರಿಜ್ ಅವರದು, ಕಟ್ಟಿದವರು ಜೇಮ್ಸ್ ಎಸೆಕ್ಸ್. ಕಬ್ಬಿಣ ಮೊದಲೂ ಇತ್ತು. ಹೊರಗಿನಿಂದ ಹೊಡೆದಿದ್ದರಿಂದ ಸೇತುವೆ ಮೇಲೆ ನಡೆಯುವವರಿಗೆ ಕಾಣುತ್ತಿರಲಿಲ್ಲ, ಅಷ್ಟೇ. 1905ರಲ್ಲಿ ತೇಗದ ಮರದಲ್ಲಿ ಮತ್ತೆ ಕಟ್ಟಿದಾಗ ಬೋಲ್ಟ್‌ಗಳು ಎದ್ದು ಕಂಡವು, ಕಥೆಗೂ ಕಾಲು ಬಂತು. ಆದರೆ ಮಕ್ಕಳಿಗೆ ಹೇಳಲು ಒಂದು ಒಳ್ಳೆಯ ಸಂಗತಿ ಇದೆ. ಕಮಾನಿನ ಹಾಗೆ ಬಾಗಿ ಕಾಣುವ ಆ ಸೇತುವೆಯಲ್ಲಿ ಒಂದು ತೊಲೆಯೂ ಬಾಗಿಲ್ಲ. ಎಲ್ಲವೂ ನೇರ.

ಛಾವಣಿ ಮೇಲೆ ಕಾರು ಹತ್ತಿಸಿದ್ದರು ಅಂತ ನಮ್ಮ ಹಾಸ್ಟೆಲಿನಲ್ಲಿ ಯಾರೋ ಹೇಳಿದರು. ಬಿಡ್ತಾ ಇರಬೇಕು ಅಲ್ವಾ? – ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಅಪ್ಪಟ ನಿಜ! 1958ರ ಜೂನ್. ಒಂದು ಬೆಳಿಗ್ಗೆ ಜನ ಎದ್ದು ನೋಡಿದರೆ, ಪದವಿ ಪ್ರದಾನ ನಡೆಯುವ ಸೆನೆಟ್ ಹೌಸ್ ಛಾವಣಿಯ ನೆತ್ತಿ ಮೇಲೆ ಒಂದು ಆಸ್ಟಿನ್ ಸೆವೆನ್ ಕಾರು ಕೂತಿದೆ. ಪಕ್ಕದ ಗಾನ್ವಿಲ್ ಅಂಡ್ ಕೀಸ್ ಕಾಲೇಜಿನ ಹುಡುಗರ ಕಿತಾಪತಿ ಅದು. ಕಾಲೇಜಿನ ಮಾಳಿಗೆಗೂ ಸೆನೆಟ್ ಹೌಸಿಗೂ ನಡುವೆ ಕಿರಿದಾದ ಓಣಿ ಇದೆ. ಅದರ ಮೇಲೆ ಹಲಗೆ ಹಾಸಿ ಆ ಕಡೆ ದಾಟಿದರು. ಕಂಬ, ಹಗ್ಗ, ರಾಟೆ ಎಲ್ಲ ಜೋಡಿಸಿ ರಾತ್ರೋರಾತ್ರಿ ಕಾರನ್ನು ಮೇಲಕ್ಕೆ ಎಳೆದರು. ಹತ್ತಿಸಲು ಒಂದು ರಾತ್ರಿ ಸಾಕಾಯಿತು. ಇಳಿಸಲು ದೊಡ್ಡವರಿಗೆ ಸುಮಾರು ಒಂದು ವಾರ ಬೇಕಾಯಿತು, ಅದೂ ಕೊನೆಗೆ ಕತ್ತರಿಸಿ ತುಂಡು ಮಾಡಿ. ಆ ಕಾಲೇಜಿನ ಡೀನ್‌ಗೆ ಯಾರ ಕೆಲಸ ಅಂತ ವಾಸನೆ ಬಡಿದಿತ್ತು. ಹುಡುಗರ ಕೋಣೆಗಳ ಕಡೆಗೆ ಗುಟ್ಟಾಗಿ ಒಂದು ಪೆಟ್ಟಿಗೆ ಶಾಂಪೇನ್ ಕಳಿಸಿ, ಹೊರಗಡೆ ತನಗೇನೂ ಗೊತ್ತಿಲ್ಲ ಅಂತ ಕೂತರಂತೆ. ಆ ತಂಡ ತಾವೇ ಮಾಡಿದ್ದು ಅಂತ ಬಾಯಿಬಿಟ್ಟಿದ್ದು ಐವತ್ತು ವರ್ಷ ಕಳೆದು, 2008ರಲ್ಲಿ. ನಿಮ್ಮ ಹಾಸ್ಟೆಲಿನಲ್ಲಿ ಒಂದು ಗುಟ್ಟು ಐವತ್ತು ನಿಮಿಷ ನಿಲ್ಲುತ್ತದಾ ಹೇಳಿ! (ವಾರ್ಡನ್ ಅವರೇ, ನೀವು ಈ ಪುಟ ಓದುತ್ತಿದ್ದರೆ, ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ.)

ಬೈರನ್ ಕವಿ ಕಾಲೇಜಿನಲ್ಲಿ ಕರಡಿ ಸಾಕಿದ್ದ ಅನ್ನುವುದು? – ಕಾರ್ಕಳ

ಇದೂ ನಿಜ. ಪಳಗಿದ ಕರಡಿ. ಇದನ್ನು ಇಟ್ಟುಕೊಂಡು ಏನು ಮಾಡುತ್ತೀಯಾ ಅಂದವರಿಗೆ, ಫೆಲೋಶಿಪ್‌ಗೆ, ಅಂದರೆ ಕಾಲೇಜಿನ ಪಂಡಿತರ ಹುದ್ದೆಗೆ, ಕೂರಿಸುತ್ತೇನೆ ಅಂದಿದ್ದನಂತೆ. ಪುಣ್ಯಕ್ಕೆ ಸೀಟು ಸಿಗಲಿಲ್ಲ.

ನಮ್ಮ ಬೀದಿಯಲ್ಲಿ ಹಸು ಅಡ್ಡ ನಿಂತರೆ ಅರ್ಧ ಗಂಟೆ ಟ್ರಾಫಿಕ್ ಜಾಮ್. ನಿಮಗೆ ಆ ಕಾಟ ಇಲ್ಲ ಬಿಡಿ. – ಮಲ್ಲೇಶ್ವರ, ಬೆಂಗಳೂರು

ಯಾರು ಹೇಳಿದ್ದು? ಊರ ನಡುವೆ ಮಿಡ್‌ಸಮ್ಮರ್ ಕಾಮನ್ ಅಂತ ಒಂದು ಗೋಮಾಳ ಇದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ರೆಡ್ ಪೋಲ್ ಜಾತಿಯ ಕೆಂಪು ಹಸುಗಳು ಮೇಯುತ್ತವೆ. ಪಿಎಚ್‌ಡಿ ಹುಡುಗಿ ಸೈಕಲ್ ಬೆಲ್ ಹೊಡೆಯುತ್ತಾಳೆ, ಹಸು ನಿಧಾನಕ್ಕೆ ತಲೆ ಎತ್ತಿ ನೋಡುತ್ತದೆ, ಮತ್ತೆ ಮೇಯುತ್ತದೆ. ಅಂಚು ಜಾರಿ ನದಿಗೂ ಬೀಳುತ್ತವೆ. ಅವನ್ನು ಎತ್ತುವವರಿಗೆ ಇಲ್ಲಿ ಪಿಂಡರ್ ಅಂತ ಹೆಸರು, ಅದೊಂದು ಹಳೇ ಕಾಲದ ಹುದ್ದೆ. ಒಮ್ಮೊಮ್ಮೆ ಅಗ್ನಿಶಾಮಕದವರೂ ಬರುತ್ತಾರೆ. ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಒದ್ದೆ ಹಸುವಿನ ಫೋಟೊ. ನೊಬೆಲ್ ಬಂದವರ ಸುದ್ದಿಗಿಂತ ನನಗೆ ಅದೇ ಜಾಸ್ತಿ ಇಷ್ಟ. ನಮ್ಮೂರಲ್ಲಿ ದೊಡ್ಡಿ ನೋಡಿಕೊಳ್ಳುವವರು ಇರುತ್ತಿದ್ದರಲ್ಲ, ಅವರ ನೆನಪಾಗುತ್ತದೆ.

ಆಕ್ಸ್‌ಫರ್ಡ್ ದೊಡ್ಡದೋ ಕೇಂಬ್ರಿಡ್ಜ್ ದೊಡ್ಡದೋ? – ಮೈಸೂರು

ಮನೆಯೊಳಗಿನ ಜಗಳ ಇದು, ನನ್ನನ್ನು ಎಳೆಯಬೇಡಿ. 1209ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಊರಿನವರಿಗೂ ಓದುವವರಿಗೂ ಗಲಾಟೆಯಾಗಿ, ಜೀವ ಉಳಿದರೆ ಸಾಕು ಅಂತ ಓಡಿಬಂದವರಿಂದ ಇಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಬೇರೆ ಮನೆ ಹೂಡಿದ ತಮ್ಮ ಅಂದುಕೊಳ್ಳಿ. ಅಣ್ಣ ಮಾಡಿದ್ದಕ್ಕೆ ಉಲ್ಟಾ ಮಾಡಲೇಬೇಕು. ಪಂಟ್ ನಡೆಸುವಾಗ ಇವರು ದೋಣಿಯ ಹಲಗೆಕಟ್ಟೆ ಮೇಲೆ ನಿಲ್ಲುತ್ತಾರೆ, ಅವರು ಅದರ ಎದುರು ತುದಿಯಲ್ಲಿ. ನಾನು ಎರಡೂ ಕಡೆ ನಿಲ್ಲಲಾರೆ. ಮೊದಲ ಬೇಸಿಗೆಯಲ್ಲಿ ಗ್ರಾಂಟ್‌ಚೆಸ್ಟರ್ ದಾರಿಯಲ್ಲಿ ಗಳ ಕೆಸರಿಗೆ ಸಿಕ್ಕಿಕೊಂಡಿತು. ಬಿಟ್ಟುಬಿಡಿ ಅಂತ ಮುಂದೆ ಕೂತವರೆಲ್ಲ ಕೂಗುತ್ತಿದ್ದಾರೆ, ನಾನು ಡೆಪಾಸಿಟ್ ಕಟ್ಟಿದ ಗಳ ಅಂತ ಗಟ್ಟಿಯಾಗಿ ತಬ್ಬಿಕೊಂಡೆ, ದೋಣಿ ಅದರ ಪಾಡಿಗೆ ಮುಂದೆ ಹೋಯಿತು, ನಾನು ಗಳದ ಜೊತೆ ಅಲ್ಲೇ ಉಳಿದು, ಅದು ನಿಧಾನಕ್ಕೆ ವಾಲಿ, ಚೂಡಿದಾರ್ ಸಮೇತ ನೀರಿಗೆ. ದಡದಲ್ಲಿದ್ದ ಹಸುಗಳು ಮಾತ್ರ ನಗಲಿಲ್ಲ.

ಅಲ್ಲಿಯ ಮೇ ವೀಕ್ ಜೂನ್‌ನಲ್ಲಿ ಬರುತ್ತದಂತೆ. ಯಾಕೆ? – ಉಡುಪಿ

ಇದು ಇಲ್ಲಿಯ ಕಾಲೇಜುಗಳ ಹಬ್ಬದ ವಾರ, ಮೊದಲು ಮೇನಲ್ಲೇ ಇತ್ತು. ಪರೀಕ್ಷೆ ಮುಗಿಯದೆ ಕುಣಿಯುವುದು ಹೇಗೆ? ಹಬ್ಬ ಮುಂದೆ ಹೋಯಿತು, ಹೆಸರು ಹೋಗಲಿಲ್ಲ. ಮೇ ಬಂಪ್ಸ್ ದೋಣಿ ಪಂದ್ಯವೂ ಜೂನ್‌ನಲ್ಲೇ. ನದಿ ಸಣ್ಣದು, ಪಕ್ಕಪಕ್ಕ ಓಡಿಸಲು ಜಾಗ ಇಲ್ಲ. ಅದಕ್ಕೆ ಸಾಲಾಗಿ ಬಿಟ್ಟು, ಮುಂದಿನ ದೋಣಿಗೆ ಹಿಂದಿನಿಂದ ಗುದ್ದಿದರೆ ಗೆದ್ದ ಹಾಗೆ. ನಿಮ್ಮ ಕಡೆ ಬಸ್ ಡ್ರೈವರುಗಳು ಬಂದರೆ ಕಪ್ ಗ್ಯಾರಂಟಿ.

ಇಂಗ್ಲಿಷರ ಕಾಫಿ ಕುಡಿಯುವ ಹಾಗಿರುತ್ತದಾ? – ಚಿಕ್ಕಮಗಳೂರಿನ ಬೆಳೆಗಾರರು

ಫಿಲ್ಟರ್ ಕಾಫಿಯವರ ಹತ್ತಿರ ಸುಳ್ಳು ಹೇಳಲಾರೆ. ಮಗಳು ಬೇಡ ಅಂದರೂ ಊರಿಂದ ಪುಡಿ ತರಿಸುತ್ತೇನೆ. ಆದರೆ ಕಾಫಿಗಾಗಿ ಇವರು ಮಾಡಿದ್ದನ್ನು ಕೇಳಿ. ಇಲ್ಲಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಟ್ರೋಜನ್ ರೂಮ್ ಅಂತ ಇತ್ತು, ಅದರ ಹೊರಗೆ ಎಲ್ಲರಿಗೂ ಒಂದೇ ಕಾಫಿ ಯಂತ್ರ. ಬೇರೆ ಮಹಡಿಯವರು ಅಷ್ಟು ದೂರ ನಡೆದು ಬಂದರೆ ಪಾತ್ರೆ ಖಾಲಿ. 1991ರಲ್ಲಿ ಆ ಪಾತ್ರೆಗೆ ಒಂದು ಕ್ಯಾಮೆರಾ ಇಟ್ಟರು. ಕೂತಲ್ಲೇ ಕಾಫಿ ಇದೆಯಾ ಇಲ್ಲವಾ ನೋಡಬಹುದು. 1993ರಲ್ಲಿ ಅದು ಇಂಟರ್ನೆಟ್‌ಗೂ ಹೋಯಿತು, ಪ್ರಪಂಚದ ಮೊದಲ ವೆಬ್‌ಕ್ಯಾಮ್ ಅಂತ ಹೆಸರಾಯಿತು. 2001ರಲ್ಲಿ ಕ್ಯಾಮೆರಾ ಆರಿಸಿದ ಮೇಲೆ ಆ ಯಂತ್ರವನ್ನು ಒಂದು ಜರ್ಮನ್ ಪತ್ರಿಕೆಯ ವೆಬ್‌ಸೈಟ್ 3,350 ಪೌಂಡಿಗೆ ಕೊಂಡಿತು. ಸೋಮಾರಿತನಕ್ಕೆ ಇಷ್ಟು ಬೆಲೆ ಇನ್ನೆಲ್ಲೂ ಸಿಕ್ಕಿಲ್ಲ.

ರಾಮಾನುಜನ್ ಬಿಟ್ಟರೆ ನಮ್ಮ ಕಡೆಯಿಂದ ಲೆಕ್ಕದವರು ಯಾರೂ ಹೋಗಲಿಲ್ಲವೇ? – ಹೊಸಪೇಟೆ

ನಿಮ್ಮ ಪಕ್ಕದವರನ್ನೇ ಮರೆತಿರಾ? ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಮನೆಮಾತು ತೆಲುಗು, ಪೂರ್ತಿ ನಮ್ಮವರೇ ಅಂತ ಎಳೆದುಕೊಳ್ಳಲಾಗದು. ಆದರೆ ಹುಟ್ಟಿದ್ದು ಮಲ್ಲಿಗೆಯ ಊರಲ್ಲಿ, ಅಷ್ಟನ್ನು ಬಿಟ್ಟುಕೊಡಲಾರೆ. ಎಂಟನೇ ಮಗು ಅಂತ ಕೃಷ್ಣನ ಹೆಸರಿಟ್ಟರು, ರಾಧಾಕೃಷ್ಣ. 1946ರಲ್ಲಿ ಇಲ್ಲಿಯ ಮ್ಯೂಸಿಯಂಗೆ ಬಂದರು. ಕೆಲಸ ಏನು ಗೊತ್ತಾ? ಸುಡಾನಿನಲ್ಲಿ ಅಗೆದು ತಂದ ಹಳೆಯ ಅಸ್ಥಿಪಂಜರಗಳ ಅಳತೆಯ ಲೆಕ್ಕ. ಅದರ ಜೊತೆಗೆ ಸಂಖ್ಯಾಶಾಸ್ತ್ರದ ದಿಗ್ಗಜ ಆರ್.ಎ. ಫಿಶರ್ ಅವರ ಲ್ಯಾಬಿನಲ್ಲಿ ಇಲಿಗಳ ಸಂಸಾರ. ಮೂಳೆ, ಇಲಿ ಎರಡನ್ನೂ ನಿಭಾಯಿಸಿಕೊಂಡು 1948ರಲ್ಲಿ ಕಿಂಗ್ಸ್ ಕಾಲೇಜಿನಿಂದ ಪಿಎಚ್‌ಡಿ ಮುಗಿಸಿದರು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಾಗ ಅವರಿಗೆ 102 ವರ್ಷ. ಅದೇ ವರ್ಷ, 2023ರಲ್ಲಿ, ತೀರಿಕೊಂಡರು. ಆ ಮ್ಯೂಸಿಯಂ ಮುಂದೆ ಹೋಗುವಾಗಲೆಲ್ಲ ನನಗೆ ಹಡಗಲಿ ಮಲ್ಲಿಗೆಯ ವಾಸನೆ ಬಂದ ಹಾಗಾಗುತ್ತದೆ. ಸುಮ್ನೆ ಭ್ರಮೆ, ಗೊತ್ತು.

ನಮ್ಮದೂ ವಿಶ್ವವಿದ್ಯಾಲಯದ ಊರು. ನಮ್ಮಲ್ಲಿ ಪೇಡಾ ಇದೆ, ನಿಮ್ಮಲ್ಲಿ ಏನಿದೆ? – ಧಾರವಾಡ

ಫಿಟ್ಸ್‌ಬಿಲ್ಲೀಸ್ ಅಂತ ಒಂದು ಬೇಕರಿ, 1920ರಿಂದ ಇದೆ. ಅಲ್ಲಿಯ ಚೆಲ್ಸಿ ಬನ್ ಹೆಸರುವಾಸಿ. ಸುರುಳಿ ಸುತ್ತಿದ ಬನ್, ಮೇಲೆ ಪಾಕ, ತಿಂದ ಮೇಲೆ ಪುಸ್ತಕ ಮುಟ್ಟಿದರೆ ಪುಟ ಅಂಟುತ್ತದೆ. ಚೆನ್ನಾಗಿದೆ. ಪೇಡಾದ ಪಕ್ಕ ಇಟ್ಟು ನೋಡಿದರೆ ಯಾವುದು ಹೆಚ್ಚು ಅಂತ ಹೇಳಬಹುದಿತ್ತು, ಆದರೆ ನನ್ನ ಹತ್ತಿರ ಪೇಡಾ ಇಲ್ಲ. ವಿಳಾಸ ಸಂಪಾದಕರ ಹತ್ತಿರ ಇದೆ. ಒಂದು ಕಿಲೋ ಸಾಕು.