ಈಜೋ ಸ್ಕೇಟಿಂಗೋ ಆಮೇಲೆ ನೋಡೋಣ, ಶಿಬಿರಕ್ಕೆ ದುಡ್ಡು ಕೊಟ್ಟವರು ಯಾರು?

9 ವರ್ಷದ ಮಗನಿಗೆ ತೂಕ ಜಾಸ್ತಿ, ಸ್ಕೂಲಿನ ಆಹಾರ ಶಿಬಿರದಲ್ಲಿ "ಎಲ್ಲಾ ತಿನ್ನಲಿ, ಚೆನ್ನಾಗಿ ಓಡಾಡಿಸಿ" ಅಂದರು, ಹಾಸನದಲ್ಲಿ ಈಜು ಒಳ್ಳೆಯದಾ ಸ್ಕೇಟಿಂಗಾ ಅಂತ ಕೇಳಿದ್ದೀರಿ. ಓದಿದ ತಕ್ಷಣ ಎದೆ ಧಸಕ್ ಅಂದಿತು. ಆರೇಳು ವರ್ಷದ ಹಿಂದೆ ಇದೇ ಊರಲ್ಲಿ ಇದೇ ಪ್ರಶ್ನೆ ಹಿಡಿದು ಓಡಾಡಿದವಳು ನಾನು.

ಮಗಳು ಆಗ ನಾಲ್ಕನೇ ಕ್ಲಾಸು. ಅವಳ ಸ್ಕೂಲಿಗೂ ಬಿಳಿ ಕೋಟು ಹಾಕಿಕೊಂಡ ಮೇಡಂ ಒಬ್ಬರು ಬಂದಿದ್ದರು. ಕೆಟ್ಟ ಆಹಾರ ಅಂತ ಯಾವುದೂ ಇಲ್ಲ, ತಿಂದಿದ್ದನ್ನು ಕರಗಿಸಬೇಕು ಅಷ್ಟೇ ಅಂದರು. ಹೊರಡುವಾಗ ಮಕ್ಕಳ ಕೈಗೆ ಒಂದೊಂದು ಬ್ಯಾಗು. ಒಳಗೆ ಕ್ರೀಮ್ ಬಿಸ್ಕತ್ತು, ಮಾವಿನ ಜ್ಯೂಸಿನ ಡಬ್ಬಿ, ಬಣ್ಣಬಣ್ಣದ ಚಾರ್ಟು. ಆ ಚಾರ್ಟನ್ನು ತಂದು ಫ್ರಿಜ್ಜಿಗೆ ಅಂಟಿಸಿದೆ.

ಮಾರನೇ ದಿನದಿಂದ ಬೆಳಿಗ್ಗೆ ಐದೂವರೆಗೆ ಅವಳನ್ನು ಎಬ್ಬಿಸಿ ಜಿಲ್ಲಾ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅರ್ಧ ಗಂಟೆ ಓಟ. ಓಡಿ ಬಂದ ಮೇಲೆ ಒಂದು ಜ್ಯೂಸ್, ಒಂದು ಚಿಕ್ಕ ಬಿಸ್ಕತ್ತಿನ ಪ್ಯಾಕು. ಅತ್ತೆ ದಿನಾ ಹೇಳುತ್ತಿದ್ದರು, "ಆ ಡಬ್ಬಿ ನೀರು ಯಾಕೆ ಕೊಡ್ತೀಯೇ? ಮಜ್ಜಿಗೆ ಕೊಡು, ನೆನ್ನೆ ರೊಟ್ಟಿ ಇದ್ರೆ ಕೊಡು." ಅತ್ತೆಗೇನು ಗೊತ್ತು, ಓದಿದವರು ಅಚ್ಚು ಹಾಕಿಸಿ ಕೊಟ್ಟಿದ್ದಾರಲ್ಲ ಅಂತ ನಾನು ಸುಮ್ಮನಿದ್ದೆ.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅಲ್ಲೇ ನಿಂತಿದ್ದೀರಿ. ಓಡಿಸಿದ್ದು ತಪ್ಪಲ್ಲ. ಓಡಿದ್ದಾಳೆ, ಇನ್ನು ತಿನ್ನುವುದಕ್ಕೆ ಲೆಕ್ಕವಿಲ್ಲ ಅಂದುಕೊಂಡಿದ್ದು ತಪ್ಪು. ಆ ಡಬ್ಬಿ 200 ಎಂಎಲ್. ಹಿಂದೆ ಸಣ್ಣಕ್ಷರದಲ್ಲಿ 100 ಎಂಎಲ್‌ಗೆ 13 ಗ್ರಾಂ ಸಕ್ಕರೆ ಅಂತಿತ್ತು. ಡಬ್ಬಿಗೆ 26 ಗ್ರಾಂ ಆಯಿತು. ಒಂದು ದಿನ ಸ್ಟೀಲ್ ತಟ್ಟೆಯಲ್ಲಿ ಚಮಚ ಚಮಚ ಸಕ್ಕರೆ ಹಾಕಿ ನೋಡಿದೆ. ಆರು ಚಮಚ ದಾಟಿತು. ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಜ್ಯೂಸಿನಿಂದ 100 ಕ್ಯಾಲೊರಿ, ಬಿಸ್ಕತ್ತಿನಿಂದ ಸುಮಾರು 290. ಅಷ್ಟು ಪುಟ್ಟ ಮಗು ಅರ್ಧ ಗಂಟೆ ಓಡಿ ನಡೆದು ಕರಗಿಸುವುದು ಹೆಚ್ಚೆಂದರೆ 200. ದಿನಾ ಕಷ್ಟಪಟ್ಟು ಓಡಿ ತೂಕ ಏರಿಸಿಕೊಳ್ಳುತ್ತಿದ್ದಳು ನನ್ನ ಮಗಳು. ನಾನು ಲೆಕ್ಕ ತಪ್ಪಿದೆ ಅಂದುಕೊಳ್ಳಲಿಲ್ಲ. ಮಗು ಸೋಮಾರಿ ಅಂದುಕೊಂಡೆ. ಬಾಯಿಬಿಟ್ಟು ಅಂದೂ ಬಿಟ್ಟೆ, ಒಂದಲ್ಲ, ಎಷ್ಟೋ ಸಲ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಷೂ ಲೇಸ್ ಬಿಚ್ಚಿ ಕೈಯಲ್ಲಿ ಸುತ್ತಿಕೊಳ್ಳುತ್ತಾ, "ನಾನು ಓಡಲ್ಲಮ್ಮ. ಎಲ್ರೂ ನೋಡ್ತಾರೆ" ಅಂದಳು. ಖೋ ಖೋ ಅಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ ಅದನ್ನೂ ಬಿಟ್ಟಳು. ಈಗ ಎಸ್ಸೆಸ್ಸೆಲ್ಸಿ. ಮೈದಾನಕ್ಕೆ ಇವತ್ತಿಗೂ ಕಾಲಿಟ್ಟಿಲ್ಲ.

ಆಮೇಲೆ ಒಂದು ಭಾನುವಾರ ಫ್ರಿಜ್ ಒರೆಸುವಾಗ ಚಾರ್ಟಿನ ಕೆಳಗಿನ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿದ್ದದ್ದು ಆ ಬಿಸ್ಕತ್ತಿನ ಕಂಪನಿಯದೇ ಹೆಸರು. ಅವತ್ತಿನಿಂದ ಹುಡುಕಿ ಹುಡುಕಿ ಓದಿದೆ. ತಿನ್ನುವುದು ಬಿಡಿ, ಓಡಾಡಿಲ್ಲ ಅದೇ ತೊಂದರೆ ಅನ್ನುವ ಮಾತು ಮಾರುವವರಿಗೆ ಬಹಳ ಅನುಕೂಲ. ಅಮೆರಿಕದಲ್ಲಿ ಇದೇ ಮಾತು ಹೇಳುತ್ತಿದ್ದ ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್ ಅನ್ನುವ ವಿಜ್ಞಾನಿಗಳ ಗುಂಪಿಗೆ ಕೋಕಾ ಕೋಲಾ 15 ಲಕ್ಷ ಡಾಲರ್ ಕೊಟ್ಟಿತ್ತು. 2015ರಲ್ಲಿ ಅದು ಪತ್ರಿಕೆಯಲ್ಲಿ ಬಂತು, ಅದೇ ವರ್ಷ ಗುಂಪು ಮುಚ್ಚಿತು. ಇದು ಹೊಸದೂ ಅಲ್ಲ. 1967ರಲ್ಲಿ ಹೃದಯದ ಕಾಯಿಲೆಗೆ ಸಕ್ಕರೆಯ ಪಾಲನ್ನು ಹಗುರ ಮಾಡಿ, ಕೊಬ್ಬಿನ ಮೇಲೆ ಬೆರಳು ತೋರಿಸಿ ಹಾರ್ವರ್ಡ್‌ನವರು ಬರೆದ ಲೇಖನಕ್ಕೆ ಸಕ್ಕರೆ ಉದ್ಯಮದ ಸಂಸ್ಥೆ 6,500 ಡಾಲರ್ ಕೊಟ್ಟಿತ್ತು. ಅದು ಹೊರಗೆ ಬಂದದ್ದು 2016ರಲ್ಲಿ.

ನಮ್ಮ ದೇಶಕ್ಕೆ ಇದನ್ನು ತಡೆಯಲು ಬರುವುದಿಲ್ಲ ಅಂತಲ್ಲ. ಎಳೆಗೂಸಿನ ಹಾಲಿನ ಪುಡಿಗೆ ಜಾಹೀರಾತು ಕೊಡಬಾರದು, ಅದರ ಹೆಸರಲ್ಲಿ ಡಾಕ್ಟರಿಗೆ ಉಡುಗೊರೆ ಕೊಡಬಾರದು ಅಂತ 1992ರಲ್ಲೇ ಕಾನೂನು ಮಾಡಿದ್ದೇವೆ. ಹಾಲುಪುಡಿಗೆ ಆದದ್ದು ಬಿಸ್ಕತ್ತಿಗೆ ಯಾಕಾಗಬಾರದು? ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪ್ಯಾಕಿನ ಮುಂದೆಯೇ ಕಪ್ಪು ಗುರುತು ಹಾಕಿಸುತ್ತಿದೆ. ನಮ್ಮಲ್ಲಿ 2022ರ ಕರಡು ನಿಯಮದಲ್ಲಿ ಬಂದದ್ದು ಪ್ಯಾಕಿನ ಮೇಲೆ ನಕ್ಷತ್ರ, ತಿನಿಸು ಒಳ್ಳೆಯದಾದಷ್ಟೂ ನಕ್ಷತ್ರ ಜಾಸ್ತಿ. ಮಕ್ಕಳ ನೋಟ್‌ಬುಕ್ಕಿನಲ್ಲಿ ನಕ್ಷತ್ರ ಅಂದರೆ ಶಭಾಷ್ ಅಂತ ಅರ್ಥ. ಸಕ್ಕರೆ ಜಾಸ್ತಿ ಇರುವ ಪ್ಯಾಕಿನ ಮೇಲೆ ಒಂದು ನಕ್ಷತ್ರವೂ ಇರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮೊದಲು ಹೆಡ್‌ಮಾಸ್ಟರ ಹತ್ತಿರ ಹೋಗಿ ಶಿಬಿರದ ಖರ್ಚು ಯಾರದು ಅಂತ ಕೇಳಿ. ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ತಿನಿಸನ್ನು ಸ್ಕೂಲಿನೊಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು, ಪ್ರಚಾರ ಮಾಡಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರಲ್ಲಿ ನಿಯಮ ಮಾಡಿದೆ. ನಮಗೆ ಆಗ ಅದು ಇರಲಿಲ್ಲ. ನಿಮಗಿದೆ, ಬಿಡಬೇಡಿ. ಥೈರಾಯ್ಡ್ ಒಂದು ಸಲ ನೋಡಿಸಿ. ಮನೆಗೆ ಡಬ್ಬಿ, ಪ್ಯಾಕು ತರುವುದನ್ನು ನಿಲ್ಲಿಸಿ, ಅವನಿಗೆ ಮಾತ್ರ ಅಲ್ಲ, ನಿಮಗೂ.

ಈಜಿಗೆ ಖಂಡಿತ ಸೇರಿಸಿ. ನೀರಲ್ಲಿ ಆಡೋಕೆ ಅಂತ ಹೇಳಿ ಸೇರಿಸಿ. ತೂಕದ ಮಾತು ಅವನ ಮುಂದೆ ಎತ್ತಲೇಬೇಡಿ. ಹಸಿದುಕೊಂಡು ಬರುತ್ತಾನೆ, ಅಕ್ಕಿರೊಟ್ಟಿ, ಚಟ್ನಿ, ಒಂದು ಲೋಟ ಮಜ್ಜಿಗೆ ಮಾಡಿಟ್ಟಿರಿ.