ಹೋಳಿಗೆ ತರಲಿ, ಗಸಗಸೆ ಬೇಡ
ಅಮ್ಮ ಮೊದಲ ಸಲ ದುಬೈಗೆ ಬರ್ತಿದ್ದಾರೆ, ಹೋಳಿಗೆ, ಪಾಯಸದ ಸಾಮಾನು, ಮಾತ್ರೆ ತರಬಹುದಾ ಅಂತ ಕೇಳಿದ್ದೀರಿ. ಹೋಳಿಗೆಗೆ ತೊಂದರೆಯಿಲ್ಲ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ! ನಮಗದು ಪಾಯಸದ ಸಾಮಾನು, ಯುಎಇ ಕಾನೂನಿಗೆ ಅಫೀಮು ಗಿಡದ ಬೀಜ. ಸಿಕ್ಕರೆ ಮಾದಕವಸ್ತು ಕೇಸು. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೂ ಹಾಕಿದ್ದಾರಾ ಅಂತ ಕೇಳಿಬಿಡಿ, ಹಾಕುವವರಿದ್ದಾರೆ.

ಕೊಬ್ಬರಿ ಗಿಟುಕೂ ಬಿಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುತ್ತೆ ಅಂತ ಚೆಕ್-ಇನ್ ಲಗೇಜಿಗೆ ಬಿಡಲ್ಲ.

ಬಿಪಿ ಮಾತ್ರೆ ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಜೊತೆ ಕೈಚೀಲದಲ್ಲಿರಲಿ. ನೋವಿಗೆ ಟ್ರಮಡಾಲ್ ಅಥವಾ ಕೋಡೀನ್ ಇರೋ ಕೆಮ್ಮಿನ ಸಿರಪ್ ತಗೋತಿದ್ದರೆ ಅಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಪಡೀಬೇಕು. ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳಾದರೂ ಇದೆಯಾ ನೋಡಿ.